ಅನ್ನಕ್ಕೆ ಹತ್ತಿದ ಕೆಂಪು

ಮಾವ ಬಾಯಿ ಬಿಗಿ ಹಿಡಿದದ್ದು ಮೂರನೆಯ ತುತ್ತಿಗೆ. ನಾನು ಅನ್ನ ಕಲಸಿ ತುಟಿಯ ಹತ್ತಿರ ಹಿಡಿದೇ ಇದ್ದೆ, ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಟ್ಟರು. "ಸಾಕು" ಎಂದರು. ಲಕ್ವ ಹೊಡೆದ ಮೇಲೆ ಅವರ ಮಾತು ತೊದಲುತ್ತಿತ್ತು, ಆದರೆ ಈ ಒಂದು ಶಬ್ದ ಮಾತ್ರ ಸ್ಪಷ್ಟವಾಗಿಯೇ ಬರುತ್ತಿತ್ತು. ಅವರು ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದರು. ರಾತ್ರಿ ಅವರ ಮಗ, ಅಂದರೆ ನನ್ನ ಗಂಡ, ತಿನ್ನಿಸಿದರೆ ನಾಲ್ಕು ತುತ್ತು ಹೆಚ್ಚಿಗೆ ಇಳಿಯುತ್ತಿತ್ತು, ಮಧ್ಯಾಹ್ನ ನನ್ನ ಕೈಯಿಂದ ಇಳಿಯುತ್ತಿರಲಿಲ್ಲ. ಸೊಸೆಯ ಕೈಯಿಂದ ತುತ್ತು ತಿನ್ನುವ ಸ್ಥಿತಿ ಬಂತಲ್ಲ ಎಂಬ ನಾಚಿಕೆಗೇ ಅವರು ಬಾಯಿ ಬಿಗಿಯುತ್ತಿದ್ದದ್ದು. ಅದು ನನಗೆ ಗೊತ್ತಿತ್ತು; ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು.

ನನ್ನ ಗಂಡ ಗೂಡ್ಸ್ ಆಟೊ ಓಡಿಸುತ್ತಾರೆ. ಬೆಳಿಗ್ಗೆ ಹೊರಟರೆ ಎನ್.ಆರ್. ಪುರ, ಶೃಂಗೇರಿ ಎಂದು ಸುತ್ತಿ ಮನೆ ಸೇರುವುದು ಸಂಜೆಗೆ. ಅತ್ತೆ ಹೋಗಿ ವರ್ಷಗಳಾದವು. ಹಾಗಾಗಿ ಮಧ್ಯಾಹ್ನ ಬಾಳಗಡಿಯ ಆ ಮನೆಯಲ್ಲಿ ನಾನು ಮತ್ತು ಮಾವ ಇಬ್ಬರೇ. ಮುಂದಿನ ಕೋಣೆಯೇ ನಮ್ಮ ಅಂಗಡಿ. ಬೆಲ್ಟು, ಪರ್ಸು, ಹೆಗಲ ಚೀಲ ಮಾಡುತ್ತೇವೆ. ಚರ್ಮ ಕತ್ತರಿಸುವುದರಿಂದ ಹಿಡಿದು ಬಣ್ಣದವರೆಗೆ ನನಗೆ ಎಲ್ಲವನ್ನೂ ಬೈದು ಬೈದು ಕಲಿಸಿದವರು ಮಾವನೇ.

ಅವರ ಬಲಭುಜ, ಮೊಣಕೈ ಒಂದು ಮಟ್ಟಿಗೆ ವಾಪಸು ಬಂದಿದ್ದವು. ಬೆರಳು ಬಂದಿರಲಿಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಹುಡುಗಿ ಸುಲಭದ ದಾರಿ ಹೇಳಿದಳು. "ಎಡಗೈಯಲ್ಲಿ ಚಮಚ ಹಿಡ್ಕೊಳ್ಲಿ ಅಜ್ಜ. ಪ್ರಾಕ್ಟೀಸ್ ಆಗ್ತದೆ."

ಮಾವ ಅವಳನ್ನು ನೋಡಿದ ನೋಟಕ್ಕೆ ಅವಳು ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ಎಡಗೈಯಿಂದ ಉಣ್ಣುವುದಕ್ಕಿಂತ ಅವರು ಉಪವಾಸ ಸಾಯಲು ತಯಾರಿದ್ದರು. ಪಾಪ, ಆ ಹುಡುಗಿ ಒಳ್ಳೆಯವಳು. ಮುಂದಿನ ಸಲ ಬರುವಾಗ ಅಂಗೈಗೆ ಸುತ್ತುವ ಒಂದು ಬಟ್ಟೆಯ ಪಟ್ಟಿ ತಂದಳು. ಅದರ ಒಳಗೆ ಸಣ್ಣ ಜೇಬು. ಜೇಬಿಗೆ ಚಮಚದ ಹಿಡಿ ಸಿಕ್ಕಿಸಿದರೆ ಆಯಿತು, ಬೆರಳು ಬಿಗಿಯದಿದ್ದರೂ ಚಮಚ ಬೀಳುವುದಿಲ್ಲ. ಮೊದಲ ದಿನ ಮಾವ ಬಲಗೈಯಿಂದಲೇ ಎರಡು ಚಮಚ ಉಂಡರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಬಟ್ಟೆ ಸಾರಿನಲ್ಲಿ ನೆನೆದು ಸಡಿಲವಾಯಿತು, ಚಮಚ ಗಿರಗಿರ ತಿರುಗಿ ಅನ್ನವೆಲ್ಲ ಎದೆ ಮೇಲೆ. ತೊಳೆದು ಹಾಕಿದರೆ ನಮ್ಮ ಮಳೆಗಾಲದಲ್ಲಿ ಒಣಗಬೇಕಲ್ಲ, ಹುಳಿ ವಾಸನೆ ಹತ್ತಿತು. ಮಾವ ಅದನ್ನು ಎಡಗೈಯಿಂದ ಕಿತ್ತು ಮೂಲೆಗೆ ಎಸೆದರು.

ಮನೆ ತುಂಬ ಚರ್ಮ ಇಟ್ಟುಕೊಂಡು ಬಟ್ಟೆ ಎಂತಕ್ಕೆ ಎಂದು ನನಗೆ ಹೊಳೆದದ್ದು ಆಗ.

ಮರದ ತೊಗಟೆಯ ನೀರಿನಲ್ಲಿ ಹದ ಮಾಡಿದ, ಹೊಟ್ಟೆಯ ಭಾಗದ ಚರ್ಮದಲ್ಲಿ ಒಂದು ಪಟ್ಟಿ ಕತ್ತರಿಸಿದೆ. ಬೆನ್ನಿನ ಚರ್ಮ ಗಟ್ಟಿ, ಬಾಗುವುದಿಲ್ಲ. ಹೊಟ್ಟೆಯದು ಕೈಯ ಆಕಾರಕ್ಕೆ ಬರುತ್ತದೆ. ರಂಪಿಗೆಯಿಂದ, ಅಂದರೆ ನಮ್ಮ ಅಗಲ ಬಾಯಿಯ ಕತ್ತಿಯಿಂದ, ಅಂಚನ್ನು ಒಳಗಡೆಯಿಂದ ಹೆರೆದು ತೆಳು ಮಾಡಿದೆ. ಮೇಣದ ದಾರದಲ್ಲಿ ಜೇಬು ಹೊಲಿದೆ. ಬಕಲ್ ಹಾಕಲಿಲ್ಲ. ಪಟ್ಟಿಯ ತುದಿ ಒಂದು ಸೀಳಿನಲ್ಲಿ ತೂರಿ ಬಿಗಿಯಾಗುವ ಹಾಗೆ ಮಾಡಿದೆ. ಎಡಗೈಯಿಂದ ಅವರೇ ಎಳೆದುಕೊಳ್ಳಬಹುದು.

ಕಷ್ಟ ಬಂದದ್ದು ಬೇರೆ ಕಡೆಯಿಂದ. ಅಂಗಡಿಯ ಚರ್ಮ ಅಡುಗೆಮನೆಯ ಹೊಸ್ತಿಲು ದಾಟಬಾರದು ಎಂಬುದು ಮಾವನೇ ಮಾಡಿದ ಕಟ್ಟು. ಕೆಲಸ ಮುಗಿಸಿ ಹುಣಸೆಹಣ್ಣು ಹಾಕಿ ಕೈ ತಿಕ್ಕಿ, ಬೆರಳು ಮೂಸಿ ನೋಡಿಕೊಂಡೇ ಅವರು ಊಟಕ್ಕೆ ಕೂರುತ್ತಿದ್ದದ್ದು. ನಮ್ಮ ಬೆಲ್ಟು ಕಟ್ಟಿಕೊಂಡು ಓಡಾಡುವವರೇ ನಮ್ಮ ಮನೆಯ ನೀರು ಕುಡಿಯಲು ಹಿಂದೆ ಮುಂದೆ ನೋಡಿದ್ದನ್ನು ಅವರು ಚಿಕ್ಕಂದಿನಿಂದ ಕಂಡವರು. ತನ್ನ ಅನ್ನಕ್ಕೆ ಯಾರೂ ಬೆರಳು ತೋರಿಸಬಾರದು ಎಂಬ ಹಠ ಅದು.

"ಅನ್ನದ ಹತ್ರ ಚರ್ಮ ತರ್ಬೇಡ" ಎಂದರು ಪಟ್ಟಿಯನ್ನು ನೋಡಿ.

ನನಗೂ ಸಿಟ್ಟು ಮೂಗಿನ ತುದಿಯಲ್ಲೇ. "ಚರ್ಮ ಒಳಗೆ ಬರಬಾರ್ದು ಅಲ್ದಾ ಮಾವ? ಸರಿ. ಹಾಗಾದ್ರೆ ಅನ್ನವೇ ಹೊರಗೆ ಬರ್ಲಿ" ಎಂದು ತಟ್ಟೆ ತಂದು ಅಂಗಡಿಯ ಕೆಲಸದ ಮಣೆಯ ಮೇಲೆ ಬಾಳೆಲೆ ಹಾಸಿ ಇಟ್ಟೆ. ಮಾವನ ಬಾಯಿಯ ಒಂದು ಬದಿ ಮಾತ್ರ ನಕ್ಕಿತು. "ಘಾಟಿ ನೀನು" ಎಂದರು. ಅವತ್ತಿನಿಂದ ಅವರ ಮಧ್ಯಾಹ್ನದ ಊಟ ಅಂಗಡಿಯಲ್ಲಿ.

ಬಣ್ಣ ಹಾಕದ ಪಟ್ಟಿ ಬಹಳ ದಿನ ಬಾಳಲಿಲ್ಲ. ಬರಿಯ ಚರ್ಮ ಸಾರು ಕುಡಿದು ಅರಿಶಿನದ ಕಲೆಯಾಯಿತು, ಮೇಲೆ ಬೂಷ್ಟು ಹಿಡಿಯಿತು. ಅದಕ್ಕಿಂತ ಹೆಚ್ಚಾಗಿ ಮಾವನಿಗೇ ಅದನ್ನು ಸಹಿಸಲಾಗಲಿಲ್ಲ. "ಬಣ್ಣ ಇಲ್ದೆ ಕೊಡ್ತಾರಾ ಮಾರಾಯ್ತಿ? ನಮ್ ಅಂಗ್ಡೀದು ಅಂತ ಹೇಳ್ಬೇಡ ಯಾರಿಗೂ."

ನಮ್ಮ ಬಣ್ಣ ಚೊಗರು. ಸುಲಿದ ಹಸಿ ಅಡಿಕೆಯನ್ನು ಬೇಯಿಸಿದ ನೀರು ಮಂದವಾಗಿ ಉಳಿಯುತ್ತದಲ್ಲ, ಅದು. ಅಡಿಕೆಗೆ ಹೊಳಪು ಬರಲೆಂದು ತೋಟದವರು ಅದನ್ನೇ ಮತ್ತೆ ಅಡಿಕೆಗೆ ಹಾಕುತ್ತಾರೆ. ಮಾವ ಹರೆಯದಲ್ಲಿ ಎನ್.ಆರ್. ಪುರದ ಕಡೆಯ ಒಂದು ತೋಟದಲ್ಲಿ ಅಡಿಕೆ ಬೇಯಿಸುವ ಒಲೆಯ ಮುಂದೆ ಕೂಲಿಗಿದ್ದವರು. ಅಲ್ಲಿ ಕಂಡದ್ದನ್ನೇ ಚರ್ಮಕ್ಕೆ ತಂದರು. ಚೊಗರನ್ನು ಇನ್ನೂ ಮಂದ ಕಾಯಿಸಿ, ಸುಣ್ಣದ ತಿಳಿ ಬೆರೆಸಿ, ಬಟ್ಟೆಯುಂಡೆಯಿಂದ ದಪ್ಪಗೆ ಬಳಿದು, ಒಣಗಿದ ಮೇಲೆ ಜೇನುಮೇಣ ತಿಕ್ಕುವುದು. ಸುಣ್ಣ ಬಿದ್ದ ಕೂಡಲೇ ಕಂದು ಚೊಗರು ಎಲೆಯಡಿಕೆ ಜಗಿದ ಬಾಯಿಯ ಹಾಗೆ ಕೆಂಪಾಗುತ್ತದೆ. ಶೃಂಗೇರಿಯ ಅಂಗಡಿಯವರು ಅದನ್ನು ಬಾಳಗಡಿ ಕೆಂಪು ಎಂದೇ ಕೇಳಿ ತರಿಸುತ್ತಿದ್ದರು. ಮಾವನಿಗೆ ಬದುಕಿನಲ್ಲಿ ತನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಹೊಸ ಪಟ್ಟಿಗೆ ಆ ಕೆಂಪನ್ನೇ ಹಾಕಿದೆ. ಮಾವ ಪಕ್ಕದಲ್ಲಿ ಕೂತು "ಇನ್ನೊಂದು ಕೈ ಬಳಿ", "ಅಂಚು ಬಿಟ್ಟೆ" ಎಂದು ಹೇಳುತ್ತಿದ್ದರು. ಕಾಯಿಲೆ ಬಿದ್ದ ಮೇಲೆ ಅವರು ಅಷ್ಟು ಮಾತಾಡಿದ್ದು ಅವತ್ತೇ.

ಮಜ್ಜಿಗೆ ಅನ್ನ ಕಲಸಿ ಇಟ್ಟೆ. ಮೊದಲ ಚಮಚ ಬಾಯಿಗೆ ಹೋಯಿತು. ಎರಡನೆಯದೂ ಹೋಯಿತು. ನಾನು ನೋಡಿಯೂ ನೋಡದ ಹಾಗೆ ದಾರಕ್ಕೆ ಮೇಣ ಎಳೆಯುತ್ತ ಕೂತಿದ್ದೆ. ಅಷ್ಟರಲ್ಲಿ ಕೈ ಸೋತು ಅಂಗೈ ತಟ್ಟೆಯೊಳಗೇ ಕುಸಿಯಿತು. ಎತ್ತಿದಾಗ ಬಿಳಿ ಅನ್ನದ ಮೇಲೆ ಕೆಂಪು ಹರಡಿತ್ತು.

"ರಕ್ತ" ಎಂದರು ಮಾವ.

ಆ ಕೈಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಎಲ್ಲೋ ಕೊಯ್ದಿದೆ, ತನಗೆ ಗೊತ್ತೇ ಆಗಿಲ್ಲ ಎಂದುಕೊಂಡು ಅವರ ಮುಖ ಬಿಳಿಚಿಹೋಯಿತು. ನಾನು ಓಡಿಹೋಗಿ ಪಟ್ಟಿ ಬಿಚ್ಚಿ ಅಂಗೈ ತೋರಿಸಿದೆ. "ಎಂತ ಆಗಿಲ್ಲ ಮಾವ, ಬಣ್ಣ. ಬರೀ ಬಣ್ಣ." ಅವರು ಅನ್ನ ನೋಡಿದರು, ಪಟ್ಟಿ ನೋಡಿದರು, ಎಡಗೈಯಿಂದ ತಟ್ಟೆಯನ್ನು ಮೆಲ್ಲಗೆ ಆಚೆ ದೂಡಿದರು. ಎರಡು ದಿನ ಏನು ಮಾಡಿದರೂ ಅನ್ನ ಮುಟ್ಟಲಿಲ್ಲ, ಗಂಜಿ ತಿಳಿ ಕುಡಿದುಕೊಂಡಿದ್ದರು. ಅವರ ಕೆನ್ನೆಯ ಮೂಳೆ ನೋಡಿ ನನಗೆ ಹೆದರಿಕೆಯಾಗತೊಡಗಿತು.

ಬಣ್ಣ ಬಿಡುವುದನ್ನು ಮೇಲಿನಿಂದ ಮುಚ್ಚಿ ನಿಲ್ಲಿಸಬೇಕು ಎಂದು ನನ್ನ ತಲೆಯಲ್ಲಿ ಕೂತಿತ್ತು. ಜೇನುಮೇಣಕ್ಕೆ ಎಣ್ಣೆ ಸೇರಿಸಿ ಬಿಸಿ ಮಾಡಿ ದಪ್ಪಗೆ ತಿಕ್ಕಿದೆ. ಒಣ ಬಿಳಿ ಬಟ್ಟೆಯಲ್ಲಿ ಉಜ್ಜಿದರೆ ಏನೂ ಬರಲಿಲ್ಲ. ಹಿಗ್ಗಿದೆ. ಬಿಸಿ ಸಾರಿನಲ್ಲಿ ಅದ್ದಿದರೆ ಮೇಣ ಕರಗಿ ಮೇಲೆ ತೇಲಿತು, ಜೊತೆಗೆ ಕೆಂಪೂ ತೇಲಿತು. ಅರಗಿನ ಲೇಪ ಹಚ್ಚಿದೆ. ಬೀಸಿ ಒಣಗಿಸಿದಾಗ ಗಾಜಿನಂತೆ ಹೊಳೆಯಿತು, ಆದರೆ ಪಟ್ಟಿ ಬಾಗಿಸಿದಲ್ಲೆಲ್ಲ ಚಟಚಟ ಒಡೆದು ಹಕ್ಕಳೆ ಎದ್ದಿತು. ಅದು ಅನ್ನಕ್ಕೆ ಬಿದ್ದರೆ? ಬೆಂಗಳೂರಿನಿಂದ ತರಿಸಿಟ್ಟಿದ್ದ ಪ್ಲಾಸ್ಟಿಕ್ ಫಿನಿಶ್ ಒಂದು ಬಾಟಲಿ ಇತ್ತು. ಮುಚ್ಚಳ ತೆಗೆದು ಮೂಸಿದವಳೇ ಮುಚ್ಚಿಟ್ಟೆ. ಬೆಲ್ಟಿಗೆ ಸರಿ, ಬಾಯಿಗೆ ಹೋಗುವ ಚಮಚದ ಪಕ್ಕ ಅದನ್ನು ಹಚ್ಚಲು ನನಗೆ ಧೈರ್ಯ ಬರಲಿಲ್ಲ.

ಆ ವಾರವೇ ಗಂಡ ಶೃಂಗೇರಿಯಿಂದ ಬರುವಾಗ ಬೆಲ್ಟಿನ ಒಂದು ಕಟ್ಟು ವಾಪಸು ತಂದರು. ಪಂಚೆಯ ಮೇಲೆ ಕಟ್ಟುವ, ಸಣ್ಣ ಜೇಬಿರುವ ಅಗಲ ಬೆಲ್ಟುಗಳು. ಯಾರೋ ಯಾತ್ರಿಕರ ಬಿಳಿ ಪಂಚೆಗೆ ಸೊಂಟದ ಸುತ್ತ ಕೆಂಪು ಗೆರೆ ಬಿದ್ದು ಅಂಗಡಿಯಲ್ಲಿ ದೊಡ್ಡ ಗಲಾಟೆಯಾಗಿತ್ತಂತೆ. ಇಂಥ ದೂರು ಮೊದಲೂ ಬರುತ್ತಿತ್ತು. ಆಗೆಲ್ಲ ಮಾವ "ನಿಮ್ಗೆ ಬೆವರು ಜಾಸ್ತಿ ಮಾರಾಯ್ರೆ, ಬೆಲ್ಟ್ ಎಂತ ಮಾಡ್ತದೆ?" ಎಂದು ಬಂದವರ ಬಾಯಿ ಮುಚ್ಚಿಸಿ ಕಳಿಸುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ.

ಕಟ್ಟು ಬಿಚ್ಚಿ ಒಂದು ಬೆಲ್ಟಿನ ಜೇಬಿನ ಹೊಲಿಗೆ ಕಿತ್ತೆ. ಗೋಂದು ಹಾಕುವ ಅಂಚಿಗೆ ನಾವು ಸುಣ್ಣದ ಚೊಗರು ತಾಗಿಸುವುದಿಲ್ಲ; ತಾಗಿದರೆ ಗೋಂದು ಹಿಡಿಯುವುದಿಲ್ಲ. ಅಲ್ಲಿಗೆ ಬರೀ ತೆಳು ಚೊಗರಿನ ಒಂದು ಕೈ ಮಾತ್ರ. ಒದ್ದೆ ಬಿಳಿ ಬಟ್ಟೆ ಬೆರಳಿಗೆ ಸುತ್ತಿಕೊಂಡು ಅಲ್ಲಿ ಉಜ್ಜಿದೆ. ಬಟ್ಟೆ ಬಿಳಿಯಾಗಿಯೇ ಉಳಿಯಿತು. ಒಂದು ಬೆರಳಗಲ ಆಚೆ ಸರಿದು ಕೆಂಪಿನ ಮೇಲೆ ಉಜ್ಜಿದೆ. ಕುಂಕುಮ ಒರೆಸಿದ ಹಾಗೆ ಬಂತು.

ರಂಪಿಗೆಯಿಂದ ಎರಡೂ ಕಡೆ ಅಡ್ಡ ಕೊಯ್ದು ಕಿಟಕಿಯ ಬೆಳಕಿಗೆ ಹಿಡಿದೆ. ಸುಣ್ಣವಿಲ್ಲದ ಕಡೆ ಕಂದು ಬಣ್ಣ ಚರ್ಮದೊಳಕ್ಕೆ ಇಳಿದಿತ್ತು. ಕೆಂಪಿನ ಕಡೆ ಬಣ್ಣ ಬರೀ ಮೇಲೆ ಕೂತಿತ್ತು, ಕೆಳಗೆ ಬಣ್ಣವೇ ತಾಗದ ಚರ್ಮ. ಸುಣ್ಣ ಸೇರಿದ ಮಂದ ಚೊಗರು ಹೆಪ್ಪುಗಟ್ಟಿ ತೊಗಲಿನ ಮೇಲೇ ನಿಂತುಬಿಡುತ್ತಿತ್ತು. ಸಾಲದ್ದಕ್ಕೆ ಸುಣ್ಣ ತಿಂದು ಅಲ್ಲಿ ಚರ್ಮ ಬಿರುಕೂ ಬಿಟ್ಟಿತ್ತು. ಅಡಿಕೆಯ ಮೇಲೆ ಬಣ್ಣ ಕೂತರೆ ಸಾಕು, ಬಾಯಿಗೆ ಹೋದ ಮೇಲೆ ಅದು ಬಿಡಲೇಬೇಕು. ಮಾವ ಬದುಕಿಡೀ ಚರ್ಮಕ್ಕೆ ಹಾಕಿದ್ದು ಅಡಿಕೆಯ ಬಣ್ಣ. ನಾನು ಮಣೆಯ ಮುಂದೆ ಕೂತುಬಿಟ್ಟೆ. ಗುಟ್ಟು ಸಿಕ್ಕಿತೆಂಬ ಸಂತೋಷ ಒಂದು ಚೂರೂ ಆಗಲಿಲ್ಲ.

ಸಂಜೆ ಗಂಡನಿಗೆ ಹೇಳಿದೆ. ಅವರು ತುಂಡುಗಳನ್ನು ತಿರುಗಿಸಿ ನೋಡಿ ಮಣೆಯ ಮೇಲಿಟ್ಟರು. "ಅಪ್ಪಂಗೆ ಹೇಳ್ಬೇಡ ಮಾರಾಯ್ತಿ. ಕೈ ಹೋಯ್ತು, ಮಾತು ಹೋಯ್ತು. ಇದೊಂದು ಉಳ್ದಿದೆ. ನೀನು ಸುಮ್ನೆ ಸುಣ್ಣ ಬಿಟ್ಟು ಮಾಡು, ಮುಗೀತು."

"ಬಣ್ಣ ಕಂದು ಬರ್ತದೆ. ಅವ್ರಿಗೆ ಕಾಣಲ್ವಾ?"

"ಚೊಗರು ಹಳೇದು ಅಂತ ಹೇಳು."

ಬೆಳಿಗ್ಗೆಯವರೆಗೂ ನಾನೂ ಹಾಗೇ ಹೇಳುವುದೆಂದುಕೊಂಡಿದ್ದೆ. ಆದರೆ ಮಾವನನ್ನು ಎತ್ತಿ ಕೂರಿಸಿ ಮುಖ ತೊಳೆಸುವಾಗ ಅವರು ಮೂಲೆಯ ಬೆಲ್ಟಿನ ಕಟ್ಟನ್ನೇ ನೋಡುತ್ತಿದ್ದರು. "ವಾಪಸ್ ಬಂತಾ?" ಎಂದರು. ಅವರ ಕೈ ಹೋಗಿತ್ತು, ಕಣ್ಣು ಹೋಗಿರಲಿಲ್ಲ. ಕೂಸಿಗೆ ಹೇಳುವ ಹಾಗೆ ಇವರಿಗೊಂದು ಸುಳ್ಳು ಹೇಳಿ ತುತ್ತು ತಿನ್ನಿಸುವುದಾದರೆ ಈ ಪಟ್ಟಿ ಯಾಕೆ ಬೇಕು ಎನ್ನಿಸಿತು. ತನ್ನ ಊಟ ತಾನು ಉಣ್ಣುವ ಮನುಷ್ಯನಾಗಿ ಇವರು ಇರಬೇಕು ಎಂದಲ್ಲವೇ ನಾನು ಇಷ್ಟು ಒದ್ದಾಡುತ್ತಿರುವುದು.

ಎರಡು ತುಂಡು, ಒಂದು ಒದ್ದೆ ಬಿಳಿ ಬಟ್ಟೆ ತಂದು ಅವರ ಮಡಿಲಲ್ಲಿಟ್ಟೆ. ಏನೂ ವಿವರಿಸಲಿಲ್ಲ. "ನೀವೇ ನೋಡಿ ಮಾವ" ಎಂದೆ.

ಎಡಗೈಯಿಂದ ಉಜ್ಜಿದರು. ಕಂದು, ಆಮೇಲೆ ಕೆಂಪು. ಮತ್ತೆ ಕಂದು. ಬಟ್ಟೆಯನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಕೊಯ್ದ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಅವರಿಗೆ ತಿಳಿಯಲು ನನ್ನಷ್ಟು ಹೊತ್ತು ಬೇಕಾಗಲಿಲ್ಲ.

"ಸುಣ್ಣ" ಎಂದರು.

"ಹೌದು ಮಾವ."

ರಸ್ತೆಯಲ್ಲಿ ಕಾಲೇಜಿನ ಮಕ್ಕಳು ಗಲಗಲ ಮಾತಾಡುತ್ತ ಹೋಗುತ್ತಿದ್ದರು. ಅವರೆಲ್ಲ ದಾಟಿಹೋಗುವವರೆಗೂ ಮಾವ ಆ ಬಟ್ಟೆಯನ್ನು ಎಡಗೈಯಿಂದ ಮಡಚುತ್ತಿದ್ದರು. ಆಮೇಲೆ ಒಂದೊಂದೇ ಶಬ್ದ ಹುಡುಕಿ ಹುಡುಕಿ ಹೇಳಿದರು. "ಎಷ್ಟ್ ಜನರ... ಪಂಚೆ. ನಾನ್ ಅವ್ರಿಗೇ ಬೈದೆ." ಕಣ್ಣಿನಿಂದ ನೀರು ಇಳಿಯಿತು, ಬಲಗೆನ್ನೆಯ ಮೇಲೆ ಇಳಿದದ್ದು ಅವರಿಗೆ ಗೊತ್ತಾಗಲಿಲ್ಲ, ನಾನು ಸೆರಗಿನಿಂದ ಒರೆಸಿದೆ. ಹೇಳಬಾರದಿತ್ತು ಅನ್ನಿಸಿಬಿಟ್ಟಿತು ಆ ಗಳಿಗೆ. ನನ್ನ ನಾಲಿಗೆಗಿಷ್ಟು ಎಂದು ನನ್ನನ್ನೇ ಶಪಿಸಿಕೊಂಡೆ.

ಮಧ್ಯಾಹ್ನ ಗಂಜಿ ಕುಡಿಸಲು ಹೋದಾಗ ಅವರೇ ಮಾತು ತೆಗೆದರು. "ಸುಣ್ಣದ ಭರಣಿ ಹೊರ್ಗೆ ಹಾಕು. ಚೊಗರು ಸೋಸು. ತೆಳೂ ಮಾಡು."

ಆಮೇಲಿನ ಕೆಲಸ ಇಬ್ಬರದ್ದೂ. ಚೊಗರಿಗೆ ನೀರು ಸೇರಿಸಿ ಬಿಸಿ ಮಾಡಿ ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿದೆ. ಚರ್ಮದ ಮೇಲಿನ ಜಿಡ್ಡು ಒರೆಸಿ, ಒದ್ದೆ ಮಾಡಿ, ತೆಳು ಚೊಗರು ಹಚ್ಚಿ ನೆರಳಲ್ಲಿ ಒಣಗಿಸುವುದು. ಒಣಗಿದ ಮೇಲೆ ಮತ್ತೆ ಹಚ್ಚುವುದು. ದಪ್ಪಗೆ ಬಳಿಯುವ ಅಭ್ಯಾಸದ ನನ್ನ ಕೈಗೆ ಅದು ಬಹಳ ಬೇಸರದ ಕೆಲಸ. ಅಷ್ಟು ಮಾಡಿದರೂ ಮೊದಲ ಪಟ್ಟಿ ಹುಳಿ ಸಾರಿನಲ್ಲಿ ಸ್ವಲ್ಪ ಬಣ್ಣ ಬಿಟ್ಟಿತು. ಮಾವ ಎಡಗೈಯಿಂದ ಗಲ್ಲ ಉಜ್ಜಿಕೊಂಡು ತೋರಿಸಿದರು. ನನಗೆ ಅರ್ಥವಾಗಲಿಲ್ಲ. ಮತ್ತೆ ಉಜ್ಜಿಕೊಂಡು "ಕ್ಷೌರ, ಕ್ಷೌರ" ಎಂದು ರೇಗಿದರು. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಪಟಿಕ! ಬಣ್ಣ ಕಚ್ಚಿ ನಿಲ್ಲಲಿ ಎಂದು ನೂಲಿಗೆ ಅದನ್ನು ಹಾಕುವುದು ಇಬ್ಬರಿಗೂ ಗೊತ್ತಿತ್ತು, ಚರ್ಮಕ್ಕೆ ಯೋಚಿಸಿರಲಿಲ್ಲ. ಪಟಿಕದ ತೆಳು ನೀರಿನಲ್ಲಿ ಅದ್ದಿ, ಆಮೇಲೆ ನಲ್ಲಿಯ ಕೆಳಗೆ ಹಿಡಿದು ನೀರು ತಿಳಿಯಾಗುವವರೆಗೆ ತೊಳೆದೆ. ಹಚ್ಚಿದ ಬಣ್ಣ ಅಷ್ಟೊಂದು ಚರಂಡಿಗೆ ಹರಿದುಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಹೋಗಬೇಕಾದ್ದು ಅಲ್ಲೇ ಹೋದರೆ ಆಮೇಲೆ ಅನ್ನಕ್ಕೆ ಬರುವುದಿಲ್ಲ.

ಒದ್ದೆ ಇರುವಾಗಲೇ ಪಟ್ಟಿಗೆ ಆಕಾರ ಕೊಡಬೇಕು. ಮಾವನ ಬಲಗೈಯನ್ನು ನನ್ನ ಮಡಿಲಿಗೆ ತೆಗೆದುಕೊಂಡು, ಮಡಚಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಗೆ ಚರ್ಮ ಸುತ್ತಿ ಎರಡೂ ಕೈಯಿಂದ ಒತ್ತಿ ಹಿಡಿದೆ. ಸೊಸೆಯಾಗಿ ಬಂದಲ್ಲಿಂದ ಆ ಕೈಯನ್ನು ನಾನು ಹೀಗೆ ಹಿಡಿದು ಕೂತದ್ದೇ ಇಲ್ಲ. ನನ್ನ ಹೊಲಿಗೆ ಕಿತ್ತೆಸೆಯುತ್ತಿದ್ದ ಕೈ ಅದು. ಮಾವ ಮುಖ ಬೇರೆ ಕಡೆ ತಿರುಗಿಸಿಕೊಂಡು ಕೂತಿದ್ದರು, ಆದರೆ ಕೈ ಎಳೆದುಕೊಳ್ಳಲಿಲ್ಲ.

ಒಣಗಿದ ಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿ ಬಟ್ಟೆಯಿಂದ ತಿಕ್ಕಿದೆ. ಒಣ ಬಟ್ಟೆಯಲ್ಲಿ ಉಜ್ಜಿದೆ, ಒದ್ದೆ ಬಟ್ಟೆಯಲ್ಲಿ ಉಜ್ಜಿದೆ, ಕುದಿವ ಸಾರಿನಲ್ಲಿ ಅದ್ದಿ ತೆಗೆದು ಉಜ್ಜಿದೆ. ಬಟ್ಟೆಯಲ್ಲಿ ಸಾರಿನ ಅರಿಶಿನ ಬಿಟ್ಟರೆ ಬೇರೆ ಬಣ್ಣವಿರಲಿಲ್ಲ. ಪಟ್ಟಿ ಮಾತ್ರ ಹುರಿದ ಕಾಫಿ ಬೀಜದ ಬಣ್ಣ. ಮಾವ ಅದನ್ನು ನೋಡಿ "ಚೆಂದ ಇಲ್ಲ" ಎಂದರು. ಆಮೇಲೆ ಕೈ ಮುಂದೆ ಚಾಚಿದರು, ಕಟ್ಟು ಎಂದು.

ಉಂಡರು. ಮಜ್ಜಿಗೆ ಅನ್ನ, ಮಾವಿನಮಿಡಿ ಉಪ್ಪಿನಕಾಯಿ. ಅರ್ಧ ತಟ್ಟೆಗೆ, ಅರ್ಧ ಬಾಯಿಗೆ. ಅಂಗೈ ಎಷ್ಟೋ ಸಲ ಅನ್ನದೊಳಗೆ ಬಿತ್ತು. ಪ್ರತಿಸಲವೂ ಅವರು ತಡೆದು, ಬಗ್ಗಿ ಅನ್ನ ನೋಡಿ, ಮತ್ತೆ ಚಮಚ ತುಂಬುತ್ತಿದ್ದರು. ಊಟ ಮುಗಿಯಲು ಬಹಳ ಹೊತ್ತು ಹಿಡಿಯಿತು. ನಾನು ಒಳಗೆ ಹೋಗಿ ಒಲೆಯ ಮುಂದೆ ನಿಂತು ಅತ್ತೆ. ಆ ಮಳೆಗಾಲ ಪೂರ್ತಿ ಅವರು ಹಾಗೆ ಉಂಡರು. ಕೆನ್ನೆ ಸ್ವಲ್ಪ ತುಂಬಿತು. ಸಾರಿಗೆ ಉಪ್ಪು ಕಮ್ಮಿಯಾದರೆ ಚಮಚದಿಂದ ತಟ್ಟೆ ಬಡಿಯುವಷ್ಟು ಜೋರೂ ಬಂತು. ಶೃಂಗೇರಿಗೆ ಕಂದು ಬೆಲ್ಟು ಕಳಿಸಿದೆವು. ಕೆಂಪು ಯಾಕಿಲ್ಲ ಎಂದು ಅಂಗಡಿಯವರು ಕೇಳಿದಾಗ, "ಆ ಕೆಂಪೇ ತಪ್ಪು ಅಂತ ಹೇಳು" ಎಂದು ಮಾವನೇ ಮಗನ ಹತ್ತಿರ ಹೇಳಿ ಕಳಿಸಿದರು.

ಎರಡನೆಯ ಸಲ ಲಕ್ವ ಹೊಡೆದದ್ದು ಗಂಟಲಿಗೆ. ಶಿವಮೊಗ್ಗದ ಆಸ್ಪತ್ರೆಯಿಂದ ಮೂಗಿಗೆ ನಳಿಕೆ ಹಾಕಿ ಕಳಿಸಿದರು. ನುಂಗಲು ಆಗುವುದಿಲ್ಲ, ಬಾಯಿಗೆ ಒಂದು ಅಗುಳೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಇದ್ದ ಮಾತೂ ಹೋಯಿತು. ನಳಿಕೆಯಲ್ಲಿ ಗಂಜಿ ತಿಳಿ ಬಿಟ್ಟು, ಅವರ ಕಣ್ಣೆದುರು ಉಣ್ಣಲು ಮನಸ್ಸಾಗದೆ, ನಾನು ಅಡುಗೆಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಎರಡು ತುತ್ತು ತಿಂದು ಏಳುತ್ತಿದ್ದೆ. ಅದೂ ಅವರಿಗೆ ಗೊತ್ತಾಗಿತ್ತು ಎಂದು ಈಗ ಅನ್ನಿಸುತ್ತದೆ.

ಅವರು ಹೋಗುವುದಕ್ಕೆ ಸ್ವಲ್ಪ ದಿನ ಮೊದಲು, ಒಂದು ಮಧ್ಯಾಹ್ನ, ಎಡಗೈಯಿಂದ ಮಣೆ ಬಡಿದು ನನ್ನನ್ನು ಕರೆದರು. ಪಟ್ಟಿ ತೋರಿಸಿ ಬಲಗೈ ಮುಂದೆ ತಂದರು. ಕಟ್ಟಿದೆ. ತಟ್ಟೆ ತೋರಿಸಿದರು. "ಬೇಡ ಮಾವ, ನೆತ್ತಿಗೆ ಹತ್ತಿದ್ರೆ ಕಷ್ಟ" ಎಂದೆ. ತಲೆಯಾಡಿಸಿ ಮತ್ತೆ ತೋರಿಸಿದರು. ನನ್ನ ತಟ್ಟೆಯನ್ನೇ ತಂದಿಟ್ಟೆ. ಬಾಯಿಗೆ ತಂದುಕೊಂಡರೆ ಹಿಡಿಯೋಣ ಎಂದು ಹತ್ತಿರವೇ ಕೂತೆ. ಚಮಚ ಅನ್ನಕ್ಕೆ ಹೋಯಿತು, ತುಂಬಿತು, ನಡುಗುತ್ತ ಎದ್ದಿತು. ಅವರ ಬಾಯಿಯ ಕಡೆ ಹೋಗಲಿಲ್ಲ. ನನ್ನ ಕಡೆ ಬಂತು.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಧ ಅನ್ನ ನನ್ನ ಸೀರೆಯ ಮೇಲೆ ಚೆಲ್ಲಿತ್ತು. ಅವರು ತಾವೇ ಬಾಯಿ ಸ್ವಲ್ಪ ತೆರೆದು ತೋರಿಸಿದರು, ಕೂಸುಗಳಿಗೆ ತೋರಿಸುವ ಹಾಗೆ. ನಾಚಿಕೆಯಾಯಿತು, ಆದರೂ ಬಾಯಿ ತೆರೆದೆ. ಬರೀ ಬಿಳಿ ಅ‌ನ್ನ. ಬಾಯಲ್ಲಿ ಇಟ್ಟುಕೊಂಡು ಅವರ ಎದುರಿಗೇ ಕೂತಿದ್ದೆ, ನುಂಗಲು ನನಗೂ ಆಗಲಿಲ್ಲ.